ಹಳೇ ಸೇತುವೆ ನಿಂತಿರುವಾಗಲೇ ಹೊಸದು ಕಟ್ಟಬೇಕು

ರಾಮೇಶ್ವರದಿಂದ ಬಂದು ಇನ್ನೂ ಚೀಲ ಪೂರ್ತಿ ಖಾಲಿ ಮಾಡಿಲ್ಲ. ದರ್ಶನ ಚೆನ್ನಾಗಿ ಆಯಿತು, 22 ತೀರ್ಥಗಳ ನೀರೂ ಮೈಮೇಲೆ ಬಿತ್ತು. ಆದರೆ ನನ್ನ ತಲೆಯಲ್ಲಿ ಕೂತಿರುವುದು ಸಮುದ್ರದ ಮೇಲೆ ರಾಮೇಶ್ವರ ದ್ವೀಪಕ್ಕೆ ಹೋಗುವ ಪಾಂಬನ್ ರೈಲು ಸೇತುವೆ. ಅದರ ಬಗ್ಗೆ ಬರೆಯದೆ ಸಮಾಧಾನ ಇಲ್ಲ.

1988ರಲ್ಲಿ ಆದ ರಸ್ತೆ ಸೇತುವೆ ಮೇಲೆ ನಿಂತು ನೋಡುತ್ತಿದ್ದೆವು. ಕಂಬಿ ಹಿಡಿದುಕೊಂಡಿದ್ದ ಅಂಗೈ ಅಂಟಂಟಾಗಿ, ನಾಲಿಗೆಗೆ ತಾಗಿದರೆ ಉಪ್ಪು. ಕಂಬಿಯ ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಉಗುರಿನಿಂದ ಒಂದು ಗುಳ್ಳೆ ಒಡೆದೆ, ಒಳಗೆ ಕೆಂಪು ಪುಡಿ. ಅಷ್ಟರಲ್ಲಿ ಪಕ್ಕದ ರೈಲು ಸೇತುವೆಯ ನಡುವಿನ ಭಾಗ ಮೇಲೇಳೋಕೆ ಶುರುವಾಯಿತು. 72.5 ಮೀಟರ್ ಉದ್ದದ ಉಕ್ಕು, ಎರಡು ಗೋಪುರಗಳ ನಡುವೆ ಸೀದಾ ಮೇಲಕ್ಕೆ! ಕೆಳಗೆ ದೋಣಿಗಳು ದಾಟಿ ಹೋದವು. ಸುತ್ತ ನಿಂತವರೆಲ್ಲ ಚಪ್ಪಾಳೆ ಹೊಡೆದರು, ನನಗೆ ಗಂಟಲು ಕಟ್ಟಿತು.

ಯಾಕೆ ಅಂತ ಹೇಳುತ್ತೇನೆ. ಆ ದ್ವೀಪಕ್ಕೆ ಮೊದಲ ರೈಲು ಸೇತುವೆ ಆಗಿದ್ದು 1914ರಲ್ಲಿ. 1964ರ ಡಿಸೆಂಬರ್‌ನ ಚಂಡಮಾರುತ ದ್ವೀಪದ ತುದಿಯ ಧನುಷ್ಕೋಡಿ ಊರನ್ನೇ ನುಂಗಿತು, ಪ್ಯಾಸೆಂಜರ್ ರೈಲೊಂದು ಜನರ ಸಮೇತ ಕೊಚ್ಚಿಹೋಯಿತು, ಸೇತುವೆಯ ಬಹುಭಾಗ ಕಿತ್ತುಹೋಯಿತು. ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರ ಉಸ್ತುವಾರಿಯಲ್ಲಿ 46 ದಿನದಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ಅಷ್ಟು ಉಪ್ಪುಗಾಳಿಯಲ್ಲಿ ನೂರು ವರ್ಷ ದಾಟಿ ಅದು ರೈಲು ಹೊತ್ತಿತು. ಈಗ ಮುಖ್ಯವಾದ ಮಾತು ಕೇಳಿ. ಹೊಸ ಸೇತುವೆ ಕೆಲಸ ಶುರುವಾಗಿದ್ದು 2020ರಲ್ಲಿ. ಹಳೆಯದರ ಮೇಲೆ ರೈಲು ಓಡಾಟ ನಿಂತಿದ್ದು 2022ರ ಡಿಸೆಂಬರ್‌ನಲ್ಲಿ. ಅಂದರೆ ಹಳೆಯದು ದುಡಿಯುತ್ತಿರುವಾಗಲೇ ಪಕ್ಕದಲ್ಲಿ ಹೊಸದಕ್ಕೆ ಕೈ ಹಾಕಿದ್ದರು. ಹಾಗಿದ್ದೂ ಎರಡು ವರ್ಷಕ್ಕಿಂತ ಜಾಸ್ತಿ ಯಾತ್ರಿಕರು ಸೇತುವೆಗೂ ಮುಂಚಿನ ಮಂಡಪಂನಲ್ಲೇ ರೈಲು ಇಳಿಯಬೇಕಾಯಿತು. 2025ರ ಏಪ್ರಿಲ್ 6ಕ್ಕೆ ಹೊಸದು ಉದ್ಘಾಟನೆ ಆಯಿತು. ಹಳೆಯದು ಕೈಕೊಟ್ಟ ಮೇಲೆ ಕಡತ ತೆರೆದಿದ್ದರೆ ಇನ್ನೆಷ್ಟು ವರ್ಷ ಹಿಡಿಯುತ್ತಿತ್ತು, ನೀವೇ ಲೆಕ್ಕ ಹಾಕಿ.

ಈಗ ನಮ್ಮ ಊರಿಗೆ ಬರೋಣ.

ನನ್ನ ತವರು ಕಲಬುರಗಿ ಜಿಲ್ಲೆಯ ಕಾಗಿಣಾ ಹೊಳೆ ದಂಡೆ ಅಂತ ನಿಮಗೆಲ್ಲ ಗೊತ್ತೇ ಇದೆ. ಚಿತ್ತಾಪುರದ ಕಡೆಯವರಿಗೆ ದಂಡೋತಿ ಸೇತುವೆ ಬಗ್ಗೆ ನಾನು ಹೇಳಬೇಕಾಗಿಲ್ಲ. ಜೋರು ಮಳೆ ಬಂದರೆ ಸಾಕು, 'ದಂಡೋತಿ ಸೇತುವೆ ಮುಳುಗಡೆ, ಸಂಚಾರ ಬಂದ್' ಅಂತ ಪೇಪರಿನಲ್ಲಿ ಬರುತ್ತದೆ. ಆ ಕಡೆ ಭೀಮೆಗೆ ನೀರು ಬಿಟ್ಟರೆ ಗಾಣಗಾಪುರ, ಘತ್ತರಗಿಯ ಬ್ರಿಜ್ ಕಮ್ ಬ್ಯಾರೇಜ್ (ನೀರು ತಡೆಯುವ ಒಡ್ಡೇ ಸೇತುವೆಯೂ ಆಗಿರುವಂಥದ್ದು) ನೀರೊಳಗೆ. ದತ್ತಾತ್ರೇಯನ ದರ್ಶನಕ್ಕೆ ಬಂದವರೂ ಅಲ್ಲೇ, ಆಸ್ಪತ್ರೆಗೆ ಹೊರಟವರೂ ಅಲ್ಲೇ. ಎರಡೂ ತುದಿಗೆ ಬ್ಯಾರಿಕೇಡ್. "ಹೊಳಿ ಬಂದದ ಅಕ್ಕಾ, ಹಿಂದಕ್ಕ ಹೋಗ್ರಿ" ಅಂತ ಹೇಳೋಕೆ ಒಬ್ಬ ಪೊಲೀಸ್ ಹುಡುಗ. ಅವನು ಪಾಪ ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತಾನೆ, ಅವನ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಸಿಟ್ಟೆಲ್ಲ ನೀರು ಇಳಿದ ಮರುದಿನದ್ದು. ಸೇತುವೆ ಮೇಲಿನ ಕೆಸರು ಸರಿಸುತ್ತಾರೆ. ಸಿಕ್ಕಿಕೊಂಡ ಮುಳ್ಳು, ಜಾಲಿಕಂಟಿ ಎಳೆದು ಹಾಕುತ್ತಾರೆ. ಬಸ್ ಬಿಡುತ್ತಾರೆ. ಕೆಳಗೆ ಇಳಿದು ಕಂಬದ ಬುಡ ನೋಡಿದವರನ್ನು ನಾನಂತೂ ಇಲ್ಲಿಯವರೆಗೆ ಕಂಡಿಲ್ಲ. ಹೊಳೆ ಸೇತುವೆಯನ್ನು ಕೆಡವುವುದು ಬಹಳ ಸಲ ಮೇಲಿಂದಲ್ಲ, ಬುಡದಿಂದ. ಕಂಬಕ್ಕೆ ಬಡಿದ ನೀರು ಸುಳಿ ತಿರುಗಿ ಬುಡದ ಮಣ್ಣು, ಉಸುಕು ಕೊರೆದು ಒಯ್ಯುತ್ತದೆ. ನೀರು ಇಳಿಯುವಾಗ ಆ ಗುಂಡಿಗೆ ಸಡಿಲ ಉಸುಕು ತುಂಬಿಕೊಳ್ಳುತ್ತದೆ. ಮೇಲೆ ನಿಂತು ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಅದಕ್ಕೇ ಇಳಿದು ನೋಡಬೇಕು ಅನ್ನುವುದು.

ಸಮುದ್ರದ ಕಡೆ ಕೇಡು ಇನ್ನೊಂದು ತರಹದ್ದು. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಹೊಸ ಪಾಂಬನ್‌ನಲ್ಲಿ ಅದಕ್ಕೇ ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಿದ್ದಾರೆ, ಉಪ್ಪು ತಡೆಯುವ ವಿಶೇಷ ಬಣ್ಣ ಹಚ್ಚಿದ್ದಾರೆ. 550 ಕೋಟಿಯಷ್ಟು ಖರ್ಚಾಯಿತು. ಉದ್ಘಾಟನೆಗೆ ಮುಂಚೆ ರೈಲ್ವೆ ಸುರಕ್ಷತಾ ಆಯುಕ್ತರು ಅದರಲ್ಲೂ ಲೋಪಗಳಿವೆ ಅಂತ ಬರೆದರು, ಅದರ ಮೇಲೆ ಸಮಿತಿ ಕೂತಿತು. ಬರೆಯಲಿ! ತಪ್ಪು ಹುಡುಕುವುದೇ ಕೆಲಸವಾಗಿರುವ ಒಬ್ಬರು ಇದ್ದಾರಲ್ಲ, ನಮ್ಮ ಹೊಳೆ ಸೇತುವೆಗಳಿಗೂ ಬೇಕಾಗಿರುವುದು ಅದೇ.

ನಮ್ಮಣ್ಣ ಇದನ್ನೆಲ್ಲ ಕೇಳಿ, "ಅಲ್ಲವ್ವಾ, ಅದು ಸಮುದ್ರ. ದೇಶದ ಮಂದೆಲ್ಲ ಹೋಗೋ ಜಾಗ. ನಮ್ಮಲ್ಲಿ ವರ್ಷದಾಗ ನಾಕ ದಿನ ನೀರು ಬರ್ತದ, ಅದಕ್ಕ ಕೋಟಿಗಟ್ಟಲೆ ಯಾಕ ಸುರೀಬೇಕು?" ಅಂದ. ಮಾತು ಕೇಳೋಕೆ ಸರಿ ಅನಿಸುತ್ತದೆ. ಆದರೆ ಹೆರಿಗೆ ನೋವು ಆ ನಾಕು ದಿನ ಬಿಟ್ಟು ಬರುತ್ತದಾ?

ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡಿ ನೆನಪಿದೆ ಅಲ್ವಾ? ಕೃಷ್ಣೆಯ ನಡುವಿನ ನಮ್ಮದೇ ದ್ವೀಪ ಅದು. 2014ರಲ್ಲಿ ಅಲ್ಲಿನ ತುಂಬು ಗರ್ಭಿಣಿ ಹೆಣ್ಣುಮಗಳೊಬ್ಬಳು ಒಣಗಿದ ಸೋರೆಕಾಯಿ ಮೈಗೆ ಕಟ್ಟಿಕೊಂಡು, ಉಕ್ಕಿ ಹರಿಯುವ ಹೊಳೆ ಈಜಿ ದಾಟಿದಳು. ಹೆರಿಗೆ ಆಸ್ಪತ್ರೆಯಲ್ಲಿ ಆಗಲಿ ಅಂತ. ದೇಶವಿದೇಶದ ಪೇಪರಿನಲ್ಲಿ ಬಂತು, ಎಲ್ಲರೂ ಅವಳ ಧೈರ್ಯ ಹೊಗಳಿದರು. ನನಗೆ ಆವತ್ತು ಅಳು ಬಂದಿತ್ತು, ಇವತ್ತೂ ಬರುತ್ತದೆ. ಆ ಧೈರ್ಯ ಮಾಡುವ ಗತಿ ಅವಳಿಗೆ ಯಾಕೆ ಬರಬೇಕಿತ್ತು? ನಾನೂ ಒಂದು ಮಳೆಗಾಲ ಅಪ್ಪನನ್ನು ಜೀಪಿನಲ್ಲಿ ಮಲಗಿಸಿಕೊಂಡು ಊರೂರು ಸುತ್ತಿ ಕಲಬುರಗಿ ಮುಟ್ಟಿದವಳು. ಅಪ್ಪ ಉಳಿದ. ದಾರಿಯುದ್ದಕ್ಕೂ ಅವನ ಕೈ ಹಿಡಿದು ಕೂತಿದ್ದು ನನಗೆ ಗೊತ್ತು. ನಾಕು ದಿನದ ಲೆಕ್ಕ ನನ್ನ ಮುಂದೆ ಯಾರೂ ಹೇಳಬೇಡಿ.

ಇನ್ನು 'ಇನ್ನೂ ಗಟ್ಟಿ ಅದ, ನಡೀತದ' ಅನ್ನುವ ಮಾತು. ಕಾರವಾರದ ಕಾಳಿ ಹಳೇ ಸೇತುವೆಗೆ 40 ವರ್ಷ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು, ಲಾರಿ ನದಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಅಲ್ಲಿ ಪಕ್ಕದಲ್ಲಿ ಹೊಸ ಸೇತುವೆ ಇದ್ದೂ ಹಳೆಯದರ ಮೇಲೆ ವಾಹನ ಬಿಟ್ಟಿದ್ದರು. ಗುಜರಾತಿನ ಗಂಭೀರಾ ಸೇತುವೆ 1985ರದ್ದು, 2025ರ ಜುಲೈ 9ರಂದು ಬೆಳಿಗ್ಗೆ ಬಿತ್ತು, 20ರಷ್ಟು ಜನ ಸತ್ತರು. ಹಿಂದಿನ ದಿನ ಅವೂ ನಡೀತಾನೇ ಇದ್ದವು. ಉಪ್ಪಿನಲ್ಲಿ ನಿಂತ ಪಾಂಬನ್ ನೂರು ದಾಟಿತು, ಇವು 40ಕ್ಕೇ ಹೋದವು. ವಯಸ್ಸೊಂದೇ ಕಾರಣ ಅಲ್ಲ. ನೋಡಿಕೊಳ್ಳುವವರು ಬೇಕು, ಇನ್ನು ಸಾಕು ಅಂತ ಹೊತ್ತಿಗೆ ಸರಿಯಾಗಿ ಹೇಳುವವರೂ ಬೇಕು.

ನಮಗೆ ಮೇಲೇಳುವ ಸೇತುವೆ ಬೇಡ. ಹೊಳೆ ಬಂದಾಗ ನೀರಿಗಿಂತ ಎತ್ತರ ಇರುವ ಸೇತುವೆ ಸಾಕು, ಅದೂ ಹಳೆಯದು ಬೀಳುವ ಮುಂಚೆ. ಅಲ್ಲಿಯವರೆಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಕಂಬದ ಬುಡ ಪರೀಕ್ಷೆ ಮಾಡಿ, ಯಾವತ್ತು ಯಾರು ನೋಡಿದರು, ಏನು ಕಂಡಿತು ಅಂತ ಬರೆದು ಆ ಊರಿನ ಗ್ರಾಮ ಪಂಚಾಯ್ತಿ ಗೋಡೆಗೆ ಹಚ್ಚಬೇಕು. ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ. ಜಿಲ್ಲಾಡಳಿತಕ್ಕೆ ಇದೇ ಮಾತಿನ ಅರ್ಜಿ ಬರೆದಿಟ್ಟಿದ್ದೇನೆ. ಕಾಗಿಣಾ, ಭೀಮಾ, ಕೃಷ್ಣಾ ದಂಡೆಯ ಊರಿನವರು ಯಾರಿದ್ದೀರಿ, ನಿಮ್ಮ ಊರಿನ ಸೇತುವೆಯ ಹೆಸರು, ಅದು ಮುಳುಗಿದಾಗ ತೆಗೆದ ಫೋಟೋ ಇದ್ದರೆ ಕಳಿಸಿ. ಸಹಿ ಹಾಕುವವರು ಇನ್‌ಬಾಕ್ಸ್‌ಗೆ ಬನ್ನಿ. ಸೋಮವಾರ ಕೊಡಬೇಕು ಅಂತಿದ್ದೇನೆ.