ಗೋಡೆಯ ಕ್ಯಾಲೆಂಡರು ಮತ್ತು ನನ್ನ ಉಪವಾಸ

ಈ ವರ್ಷ, 2026ರಲ್ಲಿ, ಶಿವರಾತ್ರಿ ಫೆಬ್ರವರಿ 15ರ ಭಾನುವಾರ ಬಂತು. ಮೂರು ದಿನ ಕಳೆದು 18ಕ್ಕೆ ಕ್ರೈಸ್ತರಾದ ನಮ್ಮ ವಿಭೂತಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದ ಮೊದಲ ದಿನ. ಅದರ ಬೆನ್ನಿಗೇ ರಂಜಾನ್. ಒಂದೇ ವಾರದಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಉಪವಾಸ ಶುರುವಾಯಿತು, ಮುಗಿಯಿತು, ಮತ್ತೆ ಶುರುವಾಯಿತು. ನನಗೆ ಇದು ಬಹಳ ಇಷ್ಟವಾದ ಕಾಲ.

ಬುಧವಾರ ಬೆಳಗಿನ ಪೂಜೆಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ಕಳೆದ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕೈಯಲ್ಲಿ ಹಿಡಿದು ಹಾಡಿದ ಗರಿಗಳೇ ಸುಟ್ಟು ಬೂದಿಯಾಗಿ ಹಣೆಗೆ ಬರುತ್ತವೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಆಗಲೇ ಪಾತ್ರೆ ತೊಳೆಯುತ್ತಿದ್ದಳು. ನಾನು ಪೂಜೆಗೆ ಹೋಗಬೇಕೆಂದು ಅವಳಿಗೆ ಎಂದಿಗಿಂತ ಒಂದು ಗಂಟೆ ಮೊದಲೇ ಬರಲು ಹೇಳಿದ್ದೆ. ನನ್ನ ಹಣೆ ನೋಡಿ, "ನಿಮ್ಮಲ್ಲೂ ವಿಭೂತಿ ಹಚ್ಚುತ್ತಾರಾ ಅಕ್ಕಾ? ಹಾಗಾದರೆ ಇವತ್ತು ಉಪವಾಸವಾ?" ಎಂದಳು. ಹೌದು ಎಂದೆ. "ಮತ್ತೆ ನೀವು ಒಲೆಯ ಮುಂದೆ ಯಾಕೆ ನಿಲ್ಲುತ್ತೀರಿ, ಕುಳಿತುಕೊಳ್ಳಿ" ಎಂದು ಹೇಳಿ, ಅವಳ ಕೆಲಸವೇ ಅಲ್ಲದ ಅಡುಗೆಯನ್ನೂ ಮಾಡಿಟ್ಟು ಹೋದಳು.

ಅವಳು ಭಾನುವಾರ ಶಿವರಾತ್ರಿಯ ಉಪವಾಸವಿದ್ದು, ರಾತ್ರಿಯಿಡೀ ಜಾಗರಣೆ ಮಾಡಿ, ಸೋಮವಾರ ಕೆಲಸಕ್ಕೆ ಬಂದಿರಲಿಲ್ಲ. ಹೇಳದೆ ರಜೆ ಹಾಕಿದ್ದಕ್ಕೆ ಒಂದು ದಿನದ ನೂರು ರೂಪಾಯಿ ಹಿಡಿಯುತ್ತೇನೆಂದು ಮಂಗಳವಾರ ನಾನೇ ಅವಳಿಗೆ ಹೇಳಿದ್ದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ 16ರ ಮೇಲೆ ಕೆಂಪು ಶಾಯಿಯ ಗುರುತು ಹಾಕಿಯೂ ಆಗಿತ್ತು. ಅವಳ ಉಪವಾಸಕ್ಕೆ ನಾನು ದಂಡ ಹಾಕಿದೆ. ನನ್ನ ಉಪವಾಸಕ್ಕೆ ಅವಳು ಅಡುಗೆ ಮಾಡಿಕೊಟ್ಟಳು. ಇದು ಆಗ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಶುಕ್ರವಾರ. ವಿಭೂತಿ ಬುಧವಾರದ ನಂತರದ ಶುಕ್ರವಾರ ಪೂಜೆಯಲ್ಲಿ ಬೈಬಲಿನಿಂದ ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಓದುತ್ತಾರೆ. ನಾವು ಉಪವಾಸ ಮಾಡಿದರೂ ನೀನೇಕೆ ನೋಡುವುದಿಲ್ಲ ಎಂದು ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೂ ನಿಮ್ಮ ಲಾಭವನ್ನೇ ನೋಡಿಕೊಂಡು ಆಳುಗಳನ್ನು ಹಿಂಡುತ್ತೀರಿ ಎಂಬುದು ಅದಕ್ಕೆ ಬರುವ ಉತ್ತರ. ಎಷ್ಟು ವರ್ಷಗಳಿಂದ ಈ ವಾಚನ ಕೇಳಿದ್ದೇನೆ! ಆಳುಗಳು ಎಂಬ ಮಾತು ಜಮೀನು, ಕಾರ್ಖಾನೆ ಇರುವವರಿಗೆ ಎಂದುಕೊಂಡು ಕುಳಿತಿದ್ದೆ. ಆ ದಿನ ಮಾತ್ರ ಕಣ್ಣಿಗೆ ಕಟ್ಟಿದ್ದು ನನ್ನ ಅಡುಗೆಮನೆಯ ಗೋಡೆ. ಅದರ ಮುಂದಿನ ಸೋಮವಾರದ ವಾಚನ ಬೈಬಲಿನ ಯಾಜಕಕಾಂಡ ಎಂಬ ಗ್ರಂಥದ್ದು. ಕೂಲಿಯವನ ಕೂಲಿ ಬೆಳಗಿನ ತನಕವೂ ನಿನ್ನ ಬಳಿ ಉಳಿಯಬಾರದು ಎಂಬ ಕಟ್ಟಳೆ ಅದರಲ್ಲಿದೆ. ತಪಸ್ಸು ಕಾಲದ ಮೊದಲ ಆರು ದಿನಗಳೊಳಗೆ ಧರ್ಮಸಭೆ ಎರಡು ಸಲ ಕೂಲಿಯ ಮಾತೆತ್ತುತ್ತದೆ. ನಾವು ಮಾತಾಡುವುದು ಮಾಂಸ ಬಿಟ್ಟೆನೋ, ಕಾಫಿ ಬಿಟ್ಟೆನೋ, ಮೊಬೈಲ್ ಬಿಟ್ಟೆನೋ ಎಂದು.

ಬಿಡುವುದು ಬೇಡ ಎನ್ನುತ್ತಿಲ್ಲ. ನಾನೂ ಮಾಂಸ ಬಿಟ್ಟಿದ್ದೇನೆ. ಕನಕಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಅಮ್ಮ ಈ ನಲವತ್ತು ದಿನ ಹೂವನ್ನೂ ಮುಡಿಯುತ್ತಿರಲಿಲ್ಲ. ದಿನವೂ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಮಣ್ಣಿನ ಕುಡಿಕೆಗೆ ಹಾಕುತ್ತಿದ್ದಳು. ಶುಭ ಶುಕ್ರವಾರದ ಹೊತ್ತಿಗೆ ಕುಡಿಕೆ ತುಂಬಿ, ಇಲ್ಲದವರ ಮನೆ ಸೇರುತ್ತಿತ್ತು. ಆ ಹಿಡಿ ಅಕ್ಕಿ ನಮ್ಮ ತಟ್ಟೆಯಿಂದಲೇ ಹೋದದ್ದು. ಅದಕ್ಕಾಗಿ ಅಮ್ಮ ಯಾರ ಕೂಲಿಯನ್ನೂ ಕಡಿದಿರಲಿಲ್ಲ. ನಾನು ಮಾಂಸದ ಹಣ ಉಳಿಸಿ ದಾನದ ಡಬ್ಬಿಗೆ ಹಾಕುತ್ತಿದ್ದೆ, ಅದೇ ಕೈಯಿಂದ ಅವಳ ನೂರು ರೂಪಾಯಿ ಹಿಡಿಯುತ್ತಿದ್ದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಲು ನನಗೆ ಇಷ್ಟು ವರ್ಷ ಬೇಕಾಯಿತು ಎಂಬುದು ನೋವಿನ ಸಂಗತಿ.

ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ಒಂದೊಂದು ಚಿತ್ರದ ಮುಂದೆ ನಿಂತು ನೆನೆಯುವ ಪ್ರಾರ್ಥನೆ ಶಿಲುಬೆಯ ಹಾದಿ. ಅದರ ಐದನೆಯ ಸ್ಥಳದಲ್ಲಿ ಈಗ ನನಗೆ ಸುಮ್ಮನೆ ನಿಲ್ಲಲಾಗುವುದಿಲ್ಲ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಸಿರೇನಿನ ಸಿಮೋನನನ್ನು ಹಿಡಿದು, ಬಲವಂತದಿಂದ ಶಿಲುಬೆ ಹೊರಿಸಿದರು. ನಾವು ಅವನನ್ನು ಸಹಾಯಕ ಎಂದು ಹಾಡಿ ಹೊಗಳುತ್ತೇವೆ. ಅಂದು ಅವನ ಮನೆಯಲ್ಲಿ ಯಾರು ಕಾಯುತ್ತಿದ್ದರೋ, ಅವನ ಆ ದಿನದ ದುಡಿಮೆ ಏನಾಯಿತೋ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಮಾರ್ಚ್ ಒಂದಕ್ಕೆ ಪೂರ್ತಿ ಸಂಬಳ ಕೊಟ್ಟೆ. ಎಣಿಸಿ ನೋಡಿ, "ನೂರು ಜಾಸ್ತಿ ಇದೆ ಅಕ್ಕಾ" ಎಂದು ವಾಪಸ್ ಚಾಚಿದಳು. ಅದು ನಿನ್ನದೇ, ಹಿಡಿದದ್ದು ನನ್ನ ತಪ್ಪು ಎಂದೆ. ಅವಳಿಗೆ ಏನು ಹೇಳಬೇಕೆಂದು ತೋಚಲಿಲ್ಲ. ನನಗೂ ಅಷ್ಟೇ. ಕ್ಷಮಿಸು ಎಂಬ ಮಾತನ್ನು ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಹೇಳುವುದಕ್ಕಿಂತ, ಒದ್ದೆ ಕೈಯಲ್ಲಿ ಪೊರಕೆ ಹಿಡಿದು ನಿಂತ ಅವಳ ಮುಂದೆ ಹೇಳುವುದು ಎಷ್ಟೋ ಪಟ್ಟು ಕಷ್ಟ. ಹೇಳಿದೆ. ಈಗ ಅವಳಿಗೆ ಭಾನುವಾರ ಸಂಬಳ ಸಹಿತ ರಜೆ. ಅದು ಈಸ್ಟರ್ ಕಳೆದ ಮೇಲೂ ನಡೆಯುತ್ತದೆ.

ಅವಳು ನಮ್ಮ ಮನೆಗೆ ಬರಲು ಶುರುಮಾಡಿ ಆರು ವರ್ಷ. ಯೇಸುಸ್ವಾಮಿ ತನ್ನ ಮನೆಗೆ ಬಂದ ದಿನ, ಬೈಬಲಿನಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯ, ಯಾರಿಂದಲಾದರೂ ವಂಚಿಸಿ ಪಡೆದಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಹಳೆಯ ಕ್ಯಾಲೆಂಡರುಗಳನ್ನು ನಾನು ಎಸೆಯುವವಳಲ್ಲ, ಹಾಲಿನ ಲೆಕ್ಕಕ್ಕೆಂದು ಎಲ್ಲವನ್ನೂ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ನಿನ್ನೆ ರಾತ್ರಿ ಕೆಳಗಿಳಿಸಿದೆ. ಎರಡು ವರ್ಷದ್ದರಲ್ಲಿ ಕೆಂಪು ಗುರುತುಗಳನ್ನು ಎಣಿಸಿ ಮುಗಿಸಿದ್ದೇನೆ, ಇನ್ನೂ ನಾಲ್ಕು ವರ್ಷದ್ದು ಬಾಕಿ ಇದೆ. ಈಸ್ಟರ್ ಏಪ್ರಿಲ್ 5ಕ್ಕೆ.