ದೊಡ್ಡಪ್ಪನಿಗೇ ಹೇಳದ ದೊಡ್ಡಪ್ಪನ ಕಾಯಿಲೆ

ಸಂತೆಕಟ್ಟೆಯ ಮನೆಯಲ್ಲಿ ದೊಡ್ಡಪ್ಪನ ಆಸ್ಪತ್ರೆ ಕಾಗದಗಳೆಲ್ಲ ಇರುವುದು ಜವಳಿ ಅಂಗಡಿಯ ಕೈಚೀಲದಲ್ಲಿ. ಆ ಚೀಲ ಇರುವುದು ಕಪಾಟಿನ ಒಳಗೆ, ಸೀರೆಗಳ ಅಡಿಯಲ್ಲಿ. ಅವರ ಕೈಗೆ ಸಿಗಬಾರದಲ್ವಾ, ಅದಕ್ಕೆ. ಎರಡು ವರ್ಷದ ಹಿಂದೆ ಅವರ ಲಿವರ್‌ನ ಒಂದು ಭಾಗ ಕತ್ತರಿಸಿ ತೆಗೆದರು. ಕ್ಯಾನ್ಸರ್. ಅವರಿಗೆ ಹೇಳಿದ್ದು "ಸಣ್ಣ ಗಡ್ಡೆ, ತೆಗೆದಾಯಿತು" ಅಂತ ಅಷ್ಟೇ.

ನಾನು ಒಸಾಕಾ ಸೇರಿ ಹನ್ನೆರಡು ವರ್ಷವಾಯಿತು. ಲ್ಯಾಬ್ ಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಲಸ. ಹಾಗಾಗಿ ಈ ಸಲ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಮ್ಮ ಗುಟ್ಟಾಗಿ ಚೀಲ ತಂದು ಮುಂದಿಟ್ಟರು. "ರಕ್ತದಲ್ಲೇ ನೋಡಿ ಪುನಃ ಬರ್ತದಾ ಇಲ್ವಾ ಹೇಳುವ ಟೆಸ್ಟ್ ಉಂಟಂತಲ್ಲ ಮಗಾ, ಮಾಡಿಸುವನಾ?"

ಉಂಟು. ಆದರೆ ಅದು ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ. ಲಿವರ್ ಕ್ಯಾನ್ಸರ್ ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಐದು ವರ್ಷದೊಳಗೆ 100ರಲ್ಲಿ 70ರಷ್ಟು ಜನರಿಗೆ ಮರಳಿ ಬರುವುದುಂಟು. ಮೊದಲ ಎರಡು ವರ್ಷದಲ್ಲಿ ಬಂದರೆ ಹೆಚ್ಚಾಗಿ ಹಳೆಯದರ ಉಳಿಕೆ. ತಡವಾಗಿ ಬಂದರೆ, ಮೊದಲೇ ಹಾಳಾದ ಲಿವರ್‌ನಲ್ಲಿ ಹೊಸದಾಗಿ ಹುಟ್ಟಿದ್ದು ಇರಬಹುದು. ಹಳೆಯ ರಕ್ತಪರೀಕ್ಷೆ ಅಳೆಯುವುದು ಎ.ಎಫ್.ಪಿ. ಅನ್ನುವ ಪ್ರೋಟೀನನ್ನು, ಅದು ಕೆಲವರಲ್ಲಿ ಏರುವುದೇ ಇಲ್ಲ. ಹೊಸ ಪರೀಕ್ಷೆ ಹುಡುಕುವುದು ಡಿಎನ್‌ಎ ಮೇಲಿನ ಗುರುತನ್ನು. ಸಾಯುವ ಜೀವಕೋಶಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಅದರ ಅಕ್ಷರಗಳು ಬದಲಾಗಿರಬೇಕೆಂದಿಲ್ಲ. ಮೀಥೈಲ್ ಅನ್ನುವ ಪುಟ್ಟ ತುಣುಕು ಅಂಟಿಕೊಂಡರೆ ಸಾಕು, ಜೀನ್‌ಗೆ ಬೀಗ ಬೀಳುತ್ತದೆ. ಲಿವರ್ ಕ್ಯಾನ್ಸರ್‌ನಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಆರ್‌ಎಎಸ್‌ಎಸ್‌ಎಫ್1ಎ ಜೀನ್‌ಗೆ ಹೀಗೆ ಬೀಗ ಬಿದ್ದಿರುವುದು ತುಂಬ ಸಾಮಾನ್ಯ. ಈ ಚೂರುಗಳು ರಕ್ತದಲ್ಲಿ ಹೆಚ್ಚೆಂದರೆ ಕೆಲವು ಗಂಟೆ ಉಳಿಯುತ್ತವೆ. ಆಪರೇಷನ್ ಆಗಿ ವಾರಗಳು ಕಳೆದ ಮೇಲೂ ಸಿಕ್ಕಿದರೆ, ಎಲ್ಲೋ ಸ್ವಲ್ಪ ಉಳಿದಿದೆ ಅಂತ ಅನುಮಾನ.

ಇಷ್ಟು ವಿವರಿಸಿ ಚೀಲ ಬಿಚ್ಚಿದೆ. ಮೊದಲ ವರ್ಷ ಮೂರು ಸ್ಕ್ಯಾನ್. ಆಮೇಲೆ ಒಂಬತ್ತು ತಿಂಗಳು ಖಾಲಿ. "ಗಡ್ಡೆ ಹೋಯ್ತಲ್ಲ, ಸುಮ್ನೆ ದುಡ್ಡು ಯಾಕೆ" ಅಂದರಂತೆ ದೊಡ್ಡಪ್ಪ. ಲಿವರ್ ಹಾಳುಮಾಡುವ ಹೆಪಟೈಟಿಸ್ ಬಿ ವೈರಸ್‌ಗೆ ಕೊಟ್ಟ ಟೆನೊಫೊವಿರ್ ಮಾತ್ರೆಯನ್ನು ಮನೆಯವರು "ಶಕ್ತಿದು" ಅಂದಿದ್ದರು. ಶಕ್ತಿ ಬಂದಂತೆ ಅನಿಸಿದ ದಿನ ಅವರು ಅದನ್ನು ನುಂಗಿಲ್ಲ. ವೈರಸ್ ಹತೋಟಿಯಲ್ಲಿದ್ದರೆ ಕ್ಯಾನ್ಸರ್ ಮರಳುವುದು ಕಡಿಮೆ ಅನ್ನುವುದು ಹೊಸ ವಿಷಯವೇನಲ್ಲ. ಅದಕ್ಕೆ ಹೊಸ ಟೆಸ್ಟೂ ಬೇಡ. ತನಗೇನಾಗಿದೆ ಅಂತ ಗೊತ್ತಿರುವ ರೋಗಿ ಬೇಕು.

ಒಸಾಕಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನಿಗೂ ಇದೇ ಆಪರೇಷನ್ ಆಗಿದೆ. ಅಲ್ಲಿ ಎ.ಎಫ್.ಪಿ., ಅದರದ್ದೇ ಎಲ್3 ಅನ್ನುವ ಭಾಗ, ಪಿವ್ಕಾ-2 ಅನ್ನುವ ಇನ್ನೊಂದು ಪ್ರೋಟೀನ್, ಮೂರರ ರಕ್ತಪರೀಕ್ಷೆಗೂ ವಿಮೆ ಉಂಟು. ಔಷಧಿ ಬರೆದಿಡುವ ಪುಟ್ಟ ಪುಸ್ತಕ ಜಪಾನಿನಲ್ಲಿ ತುಂಬಾ ಜನರ ಹತ್ತಿರ ಇರುತ್ತದೆ. ಅಜ್ಜ ಅದರ ಹಿಂದಿನ ಪುಟಗಳಲ್ಲಿ ಮೂರೂ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಲಿಫ್ಟ್‌ನಲ್ಲಿ ಸಿಕ್ಕಿದರೆ "ಈ ಸಲ ಒಂಚೂರು ಏರಿದೆ" ಅನ್ನುತ್ತಾರೆ, ಮಳೆ ಬರುವ ಹಾಗಿದೆ ಅಂದಷ್ಟೇ ಸಲೀಸಾಗಿ.

ಜಪಾನಿನವರ ಸ್ವಭಾವವೇ ಬೇರೆ, ನಮ್ಮವರಿಗೆ ತಡೆಯಲಿಕ್ಕಾಗದು ಅನ್ನುವ ಮಾತು ನಾನು ಒಪ್ಪುವುದಿಲ್ಲ. 1987ರಲ್ಲಿ ಚಕ್ರವರ್ತಿ ಹಿರೊಹಿತೊಗೆ ಆಪರೇಷನ್ ಆಯಿತು. ಅದು ಕ್ಯಾನ್ಸರ್ ಅಂತ ಬಹಿರಂಗವಾದದ್ದು 1989ರ ಜನವರಿಯಲ್ಲಿ, ಅವರು ತೀರಿಕೊಂಡ ಮೇಲೆ. ಅವರಿಗೂ ಹೇಳಿರಲಿಲ್ಲ. ಆಗ ಅಲ್ಲಿಯೂ ಡಾಕ್ಟರು ಮನೆಯವರನ್ನೇ ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಬದಲಾದರು, ಅಷ್ಟೇ.

ಒಂದು ಮಾತು ಮಾತ್ರ ಸೇರಿಸಬೇಕು. ಆ ಅಜ್ಜ ಸ್ಕ್ಯಾನ್‌ಗೆ ಹೋಗುವುದು ಒಬ್ಬರೇ. ದೊಡ್ಡಪ್ಪನ ಆಪರೇಷನ್ ದಿನ ಹೊರಗೆ ಹದಿನಾಲ್ಕು ಜನ ಕೂತಿದ್ದರು, ಕುಚ್ಚಲಕ್ಕಿ ಗಂಜಿಯ ಕ್ಯಾರಿಯರ್ ಮೂರು. ಹದಿನಾಲ್ಕೂ ಜನರಿಗೆ ಕಾಯಿಲೆಯ ಹೆಸರು ಗೊತ್ತಿತ್ತು.

ಮರುದಿನ ಜಗಲಿಯಲ್ಲಿ ನಾನೇ ಹೇಳಿದೆ. ದೊಡ್ಡಪ್ಪ ಕನ್ನಡಕ ತೆಗೆದು ಬೈರಾಸಿನ ತುದಿಯಲ್ಲಿ ತುಂಬ ಹೊತ್ತು ಒರೆಸಿದರು. ಆಮೇಲೆ ಕೇಳಿದರು: "ಆ ಮಾತ್ರೆ ಶಕ್ತಿದಲ್ಲ ಹಾಗಾದ್ರೆ?"

ಮುಂದಿನ ವಾರವೇ ಸ್ಕ್ಯಾನ್ ಮಾಡಿಸಿದೆವು. ದೊಡ್ಡಮ್ಮ ನಾನು ವಿಮಾನ ಹತ್ತುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಈಗಲೂ ಫೋನ್ ಮಾಡಿದರೆ ದೊಡ್ಡಪ್ಪನ ಕೈಗೇ ಕೊಡುತ್ತಾರೆ.