ನಂಬರ್ ಇಲ್ಲದ ಆಪರೇಷನ್ನು

ಅಮೆರಿಕದಲ್ಲಿ ಹೊಸ ಚಿಕಿತ್ಸೆಗಳಿಗೆ ಬಿಲ್ಲಿಂಗ್ ಕೋಡ್, ಅಂದರೆ ವಿಮೆ ಕಂಪನಿಗೆ ಕಳಿಸುವ ಬಿಲ್ಲಿನಲ್ಲಿ ಆ ಚಿಕಿತ್ಸೆಯನ್ನು ಗುರುತಿಸುವ ನಂಬರ್, ಕೊಡುವ ಮಾನದಂಡ ಪರಿಷ್ಕರಿಸುವ ಮಾತು ಮತ್ತೆ ಎದ್ದಿದೆ. ಅಲ್ಲಿನ ಬಿಲ್ಲುಗಳಿಗೆ ಈ ಕೋಡು ಹಾಕಿಕೊಡುವ ಬೆಂಗಳೂರು, ಮೈಸೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನವರಿ ಒಂದಕ್ಕೆ ಕೋಡುಗಳ ಇನ್ನೊಂದು ದಪ್ಪ ಪುಸ್ತಕ ಬರುತ್ತದೆ, ಅಷ್ಟೇ. 2025ರ ಪುಸ್ತಕದಲ್ಲಿ 270 ಹೊಸ ಕೋಡು ಹುಟ್ಟಿದವು, 112 ಸತ್ತವು, 38 ವೇಷ ಬದಲಿಸಿಕೊಂಡವು.

ವ್ಯವಸ್ಥೆ ಮಾತ್ರ ಬಲು ಸೊಗಸು. ಸಿಪಿಟಿ ಎಂಬ, ಈಗ ಐದಂಕಿಯದಾಗಿರುವ ಈ ಪದ್ಧತಿಯನ್ನು ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಶುರು ಮಾಡಿತು. 1983ರಲ್ಲಿ ಹಿರಿಯರಿಗಾಗಿ ಸರ್ಕಾರ ನಡೆಸುವ ವಿಮೆ ಮೆಡಿಕೇರ್ ಒಪ್ಪಿಕೊಂಡಿತು, 2000ದಲ್ಲಿ ಆರೋಗ್ಯ ವಿಮೆಗೆ ಸಂಬಂಧಿಸಿದ ಹಿಪಾ ಕಾನೂನಿನಡಿ ಎಲ್ಲರಿಗೂ ಕಡ್ಡಾಯವಾಯಿತು. ಕಡ್ಡಾಯ ಮಾಡಿದ್ದು ಸರ್ಕಾರ, ಹಕ್ಕುಸ್ವಾಮ್ಯ ಮಾತ್ರ ಸಂಘದ್ದೇ. ನಿಮ್ಮ ಮನೆಗೆ ನಂಬರ್ ಬರೆಸಲೇಬೇಕು ಎಂದು ಪಾಲಿಕೆ ಆದೇಶ ಹೊರಡಿಸಿ, ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಪೇಂಟರ್‌ಗಳ ಸಂಘಕ್ಕೆ ಬರೆದುಕೊಟ್ಟ ಹಾಗೆ.

ಹೊಸ ಕೋಡಿಗೆ ಅರ್ಜಿ ಹಾಕಿದರೆ 21 ಜನರ ಸಮಿತಿ ಕೂರುತ್ತದೆ, ವರ್ಷಕ್ಕೆ ಮೂರು ಸಲ. ಸಭೆಗೆ ಹೋಗುವವರು ಒಳಗಿನ ಮಾತು ಹೊರಗೆ ಆಡುವುದಿಲ್ಲವೆಂದು ಸಹಿ ಹಾಕಬೇಕು. ಖಾಯಂ ಕೋಡು ಬೇಕೆಂದರೆ ಉಪಕರಣಕ್ಕೆ ಎಫ್‌ಡಿಎ (ಔಷಧ, ಉಪಕರಣಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ) ಒಪ್ಪಿಗೆ ಇರಬೇಕು, ಫಲ ಕೊಡುತ್ತದೆಂದು ತೋರಿಸುವ ಪ್ರಬಂಧಗಳಿರಬೇಕು, ಮುಖ್ಯವಾಗಿ ದೇಶದುದ್ದಗಲಕ್ಕೂ ‘ಅನೇಕ’ ವೈದ್ಯರು ಆ ಚಿಕಿತ್ಸೆಯನ್ನು ಮಾಡುತ್ತಿರಬೇಕು. ಅನೇಕ ಅಂದರೆ ಎಷ್ಟು? ಮದುವೆ ಊಟಕ್ಕೆ ಎಲೆ ಹಾಕುವವನಿಗಾದರೂ ಒಂದು ಲೆಕ್ಕ ಕೊಡುತ್ತೇವೆ.

ಈಗ ಮಜಾ ನೋಡಿ. ಕೋಡಿಲ್ಲದಿದ್ದರೆ ವಿಮೆ ಕಂಪನಿ ಸುಲಭಕ್ಕೆ ದುಡ್ಡು ಕೊಡುವುದಿಲ್ಲ. ದುಡ್ಡಿಲ್ಲದಿದ್ದರೆ ಆಸ್ಪತ್ರೆ ಆ ಚಿಕಿತ್ಸೆ ಮಾಡುವುದಿಲ್ಲ. ಮಾಡದಿದ್ದರೆ ‘ಅನೇಕ’ ಆಗುವುದಿಲ್ಲ. ಅನೇಕ ಆಗದೆ ಕೋಡಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಸಮಿತಿ ಇದಕ್ಕೂ ಒಂದು ಉಪಾಯ ಮಾಡಿಟ್ಟಿದೆ. ಮೂರನೇ ವರ್ಗದ ಕೋಡು: ನಾಲ್ಕು ಅಂಕಿ, ಕೊನೆಗೊಂದು ‘ಟಿ’. ಟಿ ಅಂದರೆ ಟೆಂಪರರಿ ಎಂದುಕೊಳ್ಳಿ. ಐದು ವರ್ಷ ಆಯಸ್ಸು. ಅಷ್ಟರಲ್ಲಿ ಖಾಯಂ ಆಗದಿದ್ದರೆ, ಅವಧಿ ವಿಸ್ತರಣೆಯೂ ಸಿಗದಿದ್ದರೆ ಪುಸ್ತಕದಿಂದ ಔಟ್. ಖಾಯಂ ಕೋಡುಗಳಿಗಿರುವ ಹಾಗೆ ಇದಕ್ಕೆ ದೇಶಕ್ಕೆಲ್ಲ ಒಂದೇ ದರವೂ ಇಲ್ಲ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೆನೆಸಿಕೊಂಡರೆ ಸಾಕು, ಪಾಠ ಅದೇ, ಸಂಬಳ ಕೇಳಬೇಡಿ.

ಟಿ ಕೋಡು ಬರುವ ಮೊದಲೇ ಪರವಾಗಿರಲಿಲ್ಲ ಅನ್ನುವವರೂ ಇದ್ದಾರೆ. ಆಗ ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆಂದು ಇರುವ ‘ಅನ್‌ಲಿಸ್ಟೆಡ್’ ಕೋಡು ಹಾಕಿ, ಆಪರೇಷನ್ ನೋಟ್ ಲಗತ್ತಿಸಿ, ಸುಮಾರಾಗಿ ಇದರಷ್ಟೇ ಶ್ರಮದ ಇನ್ನೊಂದು ಕೋಡು ತೋರಿಸಿ, ಇಷ್ಟು ಕೊಡಿ ಎಂದು ವಾದ ಮಾಡಬಹುದಿತ್ತು. ಎಲೆಕ್ಟ್ರಾನಿಕ್ ಕ್ಲೇಮಿನಲ್ಲಿ ಆ ಆಪರೇಷನ್ ಏನೆಂದು ವಿವರಿಸಲು ಸಿಗುವ ಜಾಗ 80 ಅಕ್ಷರ. ಸರ್ಜನ್ ಐದು ಗಂಟೆ ನಿಂತು ಮಾಡಿದ್ದನ್ನು ಕೋಡರ್ 80 ಅಕ್ಷರದಲ್ಲಿ ಹೇಳಬೇಕು, ಖಾಲಿ ಜಾಗವೂ ಲೆಕ್ಕಕ್ಕೆ! ಆದರೂ ಅದನ್ನು ಒಬ್ಬ ಮನುಷ್ಯ ಓದುವ ಸಾಧ್ಯತೆಯಾದರೂ ಇತ್ತು. ಟಿ ಕೋಡು ಇದೆ ಎಂದಾದ ಮೇಲೆ ಅದನ್ನೇ ಹಾಕಬೇಕು, ಅನ್‌ಲಿಸ್ಟೆಡ್ ಹಾಕುವಂತಿಲ್ಲ. ಎಷ್ಟೋ ವಿಮೆ ಕಂಪನಿಗಳ ಕಂಪ್ಯೂಟರು ಟಿ ಕಂಡ ಕೂಡಲೇ ‘ಪ್ರಾಯೋಗಿಕ’ ಎಂದು ಕ್ಲೇಮು ವಾಪಸ್ ಕಳಿಸುತ್ತದೆ. ಎಫ್‌ಡಿಎ ಕೊಟ್ಟರೂ ಪೂಜಾರಿ ಕೊಡ.

ಕಾಯುವ ಅವಧಿಯೂ ಭರ್ಜರಿ. 2024ರ ಮೇ ಸಭೆಯಲ್ಲಿ ಪಾಸಾದ ಖಾಯಂ ಕೋಡು ಬಳಕೆಗೆ ಬಂದದ್ದು 2026ರ ಜನವರಿ ಒಂದಕ್ಕೆ. ಹತ್ತೊಂಬತ್ತು ತಿಂಗಳು. ಅಷ್ಟರಲ್ಲಿ ಮಗು ಹುಟ್ಟಿ, ನಡೆದು, ಮೊಬೈಲ್ ಕಿತ್ತುಕೊಳ್ಳುತ್ತದೆ.

ಮನೆಯಲ್ಲೇ ಬಿಪಿ ಅಳೆದು ಡಾಕ್ಟರಿಗೆ ತಾನಾಗಿ ಕಳಿಸುವ ಯಂತ್ರದ ಕಥೆ ಇನ್ನೊಂದು. ಅದರ ಕೋಡು 99454; ಅದನ್ನು ಬಿಲ್ ಮಾಡಬೇಕಾದರೆ 30 ದಿನದಲ್ಲಿ ಕನಿಷ್ಠ 16 ದಿನದ ರೀಡಿಂಗ್ ಇರಬೇಕು. 15 ಬಂದರೆ 2025ರವರೆಗೂ ಸೊನ್ನೆ. ಅಟೆಂಡೆನ್ಸ್ ಶಾರ್ಟೇಜ್, ಹಾಲ್ ಟಿಕೆಟ್ ಇಲ್ಲ. ಅಜ್ಜಿ ಮಗಳ ಮನೆಗೆ ಹೋದವಳು ಯಂತ್ರ ಒಯ್ಯಲು ಮರೆತಳೆಂದು ಕ್ಲಿನಿಕ್ಕಿನ ತಿಂಗಳ ಲೆಕ್ಕವೇ ಅಳಿಸಿಹೋಗುತ್ತಿತ್ತು. ಇದನ್ನು ಸರಿಪಡಿಸಲು 2 ರಿಂದ 15 ದಿನಕ್ಕೆಂದು 99445 ಎಂಬ ಹೊಸ ಕೋಡು 2026ರಲ್ಲಿ ಬಂತು. ಒಂದೇ ದಿನ ಅಳೆದವರು ಇನ್ನೊಂದು ಸಭೆಗೆ ಕಾಯಲಿ.

ಚಿಕಿತ್ಸೆಗೆ ಅಂಕಿ ಕೊಡಲು ಇಷ್ಟು ಜಿಪುಣತನ, ರೋಗಕ್ಕೆ ಕೊಡುವಾಗ ಮಾತ್ರ ಕರ್ಣನ ಕೈ. ಆ ಪಟ್ಟಿ ಬೇರೆ, ಐಸಿಡಿ-10. ಹಸು ಹಾಯ್ದರೆ ಡಬ್ಲ್ಯೂ55.22, ಕಚ್ಚಿದರೆ 55.21. ಬಾತುಕೋಳಿಗೂ ಹೀಗೇ ಪ್ರತ್ಯೇಕ. ವಿಮಾನದ ಜೆಟ್ ಎಂಜಿನ್ನು ಮನುಷ್ಯನನ್ನು ಒಳಗೆಳೆದುಕೊಂಡರೆ ವಿ97.33, ಅದರಲ್ಲೂ ಮೊದಲ ಭೇಟಿಗೆ ಕೊನೆಯಲ್ಲಿ ಎ, ಮರುಭೇಟಿಗೆ ಡಿ. ಎಂಜಿನ್ನಿನೊಳಗೆ ಹೋಗಿ ಬಂದವನು ಫಾಲೋ-ಅಪ್‌ಗೂ ಬರುತ್ತಾನೆಂಬ ಆಶಾವಾದ ಮೆಚ್ಚಬೇಕು. ಅತ್ತೆ-ಮಾವಂದಿರ ಜೊತೆ ಹೊಂದಿಕೆಯಾಗದಿದ್ದರೆ ಝಡ್63.1. ಇದೊಂದನ್ನು ನಮ್ಮಲ್ಲಿ ಜಾರಿಗೆ ತಂದರೆ ಸರ್ವರ್ ಕೂತುಬಿಡುತ್ತದೆ.

ನಗುವಷ್ಟೂ ನಕ್ಕಾಯಿತು. ವಾಪಸ್ ಬಂದ ಕ್ಲೇಮಿನ ಮೇಲೆ 55 ಎಂದಿರುತ್ತದೆ, ಪ್ರಾಯೋಗಿಕ ಎಂದು ಅರ್ಥ. ಆ 55ಕ್ಕೂ ಮೊದಲು ಎರಡಕ್ಷರ. ಸಿಓ ಇದ್ದರೆ ನಷ್ಟ ಆಸ್ಪತ್ರೆಯದು, ಪಿಆರ್ ಇದ್ದರೆ ರೋಗಿಯದು. ಬಾಕಿ ಹಣಕ್ಕಾಗಿ ವಿಮೆ ಕಂಪನಿಗೆ ಫೋನ್ ಮಾಡುವ ಬೆಂಗಳೂರಿನ ಎಆರ್ ಕಾಲರ್ ಹುಡುಗಿ ರಾತ್ರಿ ಎರಡು ಗಂಟೆಗೆ ಹೋಲ್ಡ್ ಸಂಗೀತ ಕೇಳುತ್ತಾ ಕಾದು ತಿಳಿದುಕೊಳ್ಳುವುದು ಆ ಎರಡಕ್ಷರ ಬದಲಾದೀತಾ ಎಂಬುದನ್ನಷ್ಟೆ. ಹೊಟ್ಟೆ ಕೊಯ್ಸಿಕೊಂಡವರಿಗೆ ಈ ವರ್ಗ, ಈ ಟಿ, ಈ ‘ಅನೇಕ’ ಯಾವುದನ್ನೂ ಯಾರೂ ಮೊದಲು ಹೇಳಿರುವುದಿಲ್ಲ. ಡಾಕ್ಟರು ಬೇಕೆಂದರು, ಮಲಗಿದರು. ಹೊಲಿಗೆ ಬಿಚ್ಚಿದ ಮೇಲೆ ಬಿಲ್ಲು ಬರುತ್ತದೆ. ಮಾನದಂಡ ತಿದ್ದುವವರು ಈ ಮೇಜಿನ ಯಾವ ಮೂಲೆಯಲ್ಲಿ ಅವರಿಗೊಂದು ಕುರ್ಚಿ ಹಾಕಿದ್ದಾರೆ?

ಹಾಗಂತ ರೋಗಿಯನ್ನು ಐಸಿಡಿ ಪುಸ್ತಕ ಪೂರ್ತಿ ಮರೆತಿದೆ ಎನ್ನುವಂತಿಲ್ಲ. ಆ ಬಿಲ್ಲು ಹಿಡಿದು ಮುಂದಿನ ಸಲ ಬಂದಾಗ ಕೋಡರ್ ಹಾಕಲು ಒಂದು ನಂಬರ್ ತಯಾರಿದೆ, 2024ರ ಅಕ್ಟೋಬರಿನಿಂದ: ಝಡ್59.71, ಆರೋಗ್ಯ ವಿಮೆ ಸಾಲದು.